ಏಳು ಪ್ರಸಂಗಗಳ ಹಕ್ಕಿನ ಗಂಟು

2001ರ ಸೆಪ್ಟೆಂಬರ್ 18ರಂದು ದೆಹಲಿಯಲ್ಲಿ 'ಅಭಿಮನ್ಯು ವಧೆ'ಯ ಪ್ರದರ್ಶನವಾಯಿತು. ಕಥೆ ಮಹಾಭಾರತದ್ದು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಗದ್ದೆಬಯಲುಗಳಲ್ಲಿ ಬಡಗುತಿಟ್ಟು ಯಕ್ಷಗಾನದ ಮೇಳಗಳು ತಲೆಮಾರುಗಳಿಂದ ಆಡಿಕೊಂಡು ಬಂದ ಕಥೆ. ಆದರೂ ಆ ಒಂದು ಪ್ರದರ್ಶನದ ತಕರಾರು ಉಡುಪಿಯ ಜಿಲ್ಲಾ ನ್ಯಾಯಾಲಯದ ಮೆಟ್ಟಿಲೇರಿತು, ಹೈಕೋರ್ಟಿಗೆ ಹೋಯಿತು, ಕೊನೆಗೆ 2009ರ ಜನವರಿ 23ರಂದು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಯಾಕೆಂದರೆ ದೆಹಲಿಯ ರಂಗದ ಮೇಲೆ ಕುಣಿದ ಅಭಿಮನ್ಯು ಬಯಲಾಟದ ಅಭಿಮನ್ಯು ಆಗಿರಲಿಲ್ಲ. ಕೋಟದ ಶಿವರಾಮ ಕಾರಂತರು ತಮ್ಮ ಹೊಸ ರೂಪದ ಯಕ್ಷಗಾನವಾದ 'ಯಕ್ಷರಂಗ'ಕ್ಕಾಗಿ ಕಡೆದು ನಿಲ್ಲಿಸಿದ ಅಭಿಮನ್ಯು. ಕಾರಂತರು ತೀರಿಕೊಂಡು ಆಗ ನಾಲ್ಕು ವರ್ಷ ಆಗುತ್ತಾ ಬಂದಿತ್ತು. ಹಳೆಯ ಕೃತಿಯೊಂದನ್ನು ಮತ್ತೆ ಜನರ ಮುಂದೆ ತರಲು ಹೊರಟಾಗ ಮೊದಲು ಎದುರಾಗುವ ತೊಡಕು ಹಣದ್ದೂ ಅಲ್ಲ, ಪ್ರೇಕ್ಷಕರದ್ದೂ ಅಲ್ಲ, ಯಾರನ್ನು ಕೇಳಬೇಕು ಎಂಬುದು. ಆ ಪ್ರಶ್ನೆಗೆ ಉತ್ತರವನ್ನು ಕೃತಿ ಹುಟ್ಟುವ ಹೊತ್ತಿನಲ್ಲೇ ಬರೆದಿಡದಿದ್ದರೆ ಮುಂದೆ ಕೋರ್ಟು ಉತ್ತರ ಕೊಟ್ಟರೂ ಕೃತಿಗೆ ಅದು ತಡವಾಗಿಯೇ ಸಿಗುತ್ತದೆ.

ಕಾರಂತರು ಯಕ್ಷಗಾನಕ್ಕೆ ಮಾಡಿದ್ದೇನು ಎಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳಬೇಕು. 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರು ಸಂಶೋಧನೆಗಷ್ಟೇ ನಿಲ್ಲಲಿಲ್ಲ. ಇಡೀ ರಾತ್ರಿಯ ಆಟವನ್ನು ಸಭಾಂಗಣದ ಹೊತ್ತಿಗೆ ಹೊಂದಿಸಿದರು, ಮಾತನ್ನು ಹಿಂದೆ ಸರಿಸಿ ಹೆಜ್ಜೆ ಮತ್ತು ಪದ್ಯದಿಂದಲೇ ಕಥೆ ಹೇಳಿಸಿದರು, ಚೆಂಡೆ ಮದ್ದಳೆಯ ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿದರು. ರಾಗ, ತಾಳ, ವೇಷಭೂಷಣ, ರಂಗದ ಜೋಡಣೆ ಎಲ್ಲದರಲ್ಲೂ ಅವರ ಕೈ ಇತ್ತು. ಹೀಗೆ ರೂಪುಗೊಂಡ ಏಳು ಪ್ರಸಂಗಗಳ ಮೇಲೆ ಮೊಕದ್ದಮೆ ನಡೆಯಿತು: ಭೀಷ್ಮ ವಿಜಯ, ನಳ ದಮಯಂತಿ, ಕನಕಾಂಗಿ, ಅಭಿಮನ್ಯು ವಧೆ, ಚಿತ್ರಾಂಗದಾ, ಪಂಚವಟಿ, ಗಂಗಾ ಚರಿತೆ. ಒಂದೊಂದರಲ್ಲೂ ಎಷ್ಟು ಪದರ ನೋಡಿ. ಕಥೆ ಪುರಾಣದ್ದು, ಅದು ಎಲ್ಲರದು. ಕುಣಿತದ ಬೇರು ಬಡಗುತಿಟ್ಟಿನ ಪರಂಪರೆಯಲ್ಲಿದೆ, ಅದೂ ಎಲ್ಲರದು. ಆಯ್ಕೆ, ಸಂಕ್ಷೇಪ, ನೃತ್ಯ ಸಂಯೋಜನೆ ಕಾರಂತರದು. ಹೆಜ್ಜೆಗೆ ಜೀವ ಕೊಟ್ಟವರು ಕಲಾವಿದರು. ತಂಡಕ್ಕೆ ನೆಲೆ ಕೊಟ್ಟದ್ದು ಉಡುಪಿಯ ಯಕ್ಷಗಾನ ಕೇಂದ್ರ, ಅದರ ಹಿಂದೆ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್. ಕಾರಂತರು ಬದುಕಿದ್ದಷ್ಟು ದಿನ ಈ ಪದರಗಳನ್ನು ಬಿಡಿಸಿ ನೋಡುವ ಅಗತ್ಯ ಯಾರಿಗೂ ಬೀಳಲಿಲ್ಲ. ಎಲ್ಲವೂ ಅವರೊಬ್ಬರ ಮಾತಿನ ಮೇಲೆ ನಡೆಯುತ್ತಿತ್ತು. 1997ರ ಡಿಸೆಂಬರ್‌ನಲ್ಲಿ ಆ ಮಾತು ನಿಂತಾಗ ಗಂಟು ಕಾಣಿಸಿತು.

ಕಾರಂತರು 1994ರ ಜೂನ್ 18ರಂದು ಉಯಿಲು ಬರೆದು, ತಮ್ಮ ಸಾಹಿತ್ಯ ಕೃತಿಗಳ ಹಕ್ಕನ್ನು ಬಹುಕಾಲ ತಮ್ಮ ಕೆಲಸಗಳಿಗೆ ನೆರವಾಗಿದ್ದ ಮಾಲಿನಿ ಮಲ್ಯ ಅವರಿಗೆ ಕೊಟ್ಟಿದ್ದರು. ಹೈಕೋರ್ಟು ಯಕ್ಷರಂಗದ ಪ್ರಸಂಗಗಳನ್ನೂ ಸಾಹಿತ್ಯ ಕೃತಿಯ ಲೆಕ್ಕಕ್ಕೇ ಹಿಡಿಯಿತು. ಸುಪ್ರೀಂ ಕೋರ್ಟು ಅಲ್ಲಿ ತಿದ್ದಿತು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯ ಕೃತಿ ಬೇರೆ, ನಾಟಕ ಕೃತಿ ಬೇರೆ. ನೃತ್ಯ ಸಂಯೋಜನೆ ನಾಟಕ ಕೃತಿಯ ವ್ಯಾಖ್ಯೆಯೊಳಗೆ ಬರುತ್ತದೆ. ಹಾಗಾದರೆ ಉಯಿಲಿನ ಸಾಹಿತ್ಯ ಹಕ್ಕಿನ ಸಾಲು ಕುಣಿತವನ್ನು ಮುಟ್ಟುವುದಿಲ್ಲ. ಮಾಲಿನಿ ಮಲ್ಯರ ಹಕ್ಕು ಉಳಿದದ್ದು ಉಯಿಲಿನ ಇನ್ನೊಂದು ಕಡೆ ಇದ್ದ, ಮಿಕ್ಕ ಸೊತ್ತೆಲ್ಲ ಅವರಿಗೇ ಎನ್ನುವ ಸಾಮಾನ್ಯ ವಾಕ್ಯದಿಂದ. ಅಷ್ಟು ದೊಡ್ಡ ಲೇಖಕರ ರಂಗಕೃತಿಗಳ ಭವಿಷ್ಯ ಅಂಥದೊಂದು ವಾಕ್ಯದ ಮೇಲೆ ನಿಂತಿತ್ತು! ಆ ವಾಕ್ಯ ಇರದೇ ಹೋಗಿದ್ದರೆ ಏಳು ಪ್ರಸಂಗಗಳ ಹಕ್ಕಿಗಾಗಿ ಕಾನೂನಿನ ವಾರಸುದಾರರನ್ನು ಹುಡುಕಬೇಕಾಗುತ್ತಿತ್ತು. ತೀರ್ಪಿನಲ್ಲಿ ಮನಸ್ಸಿಟ್ಟು ಓದಬೇಕಾದ ಇನ್ನೆರಡು ಸಂಗತಿಗಳಿವೆ. ನಿರ್ಬಂಧ ಬಿದ್ದದ್ದು ಕಾರಂತರು ವಿಶಿಷ್ಟವಾಗಿ ರೂಪಿಸಿದ ರೀತಿಯ ಪ್ರದರ್ಶನಕ್ಕೆ ಮಾತ್ರ. ಮಂದಾರ್ತಿ ಮೇಳವೋ ಮಾರಣಕಟ್ಟೆ ಮೇಳವೋ ಸಂಪ್ರದಾಯದಂತೆ ಅಭಿಮನ್ಯುವಿನ ಆಟ ಆಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮತ್ತೆ, ಕಾಯ್ದೆಯ 52ನೇ ಕಲಮಿನ ವಿನಾಯಿತಿಗಳು ಇಲ್ಲಿಗೂ ಸಲ್ಲುತ್ತವೆ ಎಂದು ಕೋರ್ಟು ಬಿಡಿಸಿ ಹೇಳಿತು. ಶಿಕ್ಷಣ ಸಂಸ್ಥೆಯೊಂದು ತನ್ನ ಸಿಬ್ಬಂದಿ, ವಿದ್ಯಾರ್ಥಿ, ಪೋಷಕರ ಮುಂದೆ ಆಡಬಹುದು. ಹವ್ಯಾಸಿ ಸಂಘವೊಂದು ಟಿಕೆಟ್ ಇಲ್ಲದೆ ಆಡಬಹುದು.

ಈ ಗಂಟು ಕರಾವಳಿಗಷ್ಟೇ ಸೇರಿದ್ದಲ್ಲ. ಕಂಪ್ಯೂಟರಿನ ರೋಲ್ ಪ್ಲೇಯಿಂಗ್ ಗೇಮುಗಳನ್ನು ನೋಡಿ. ಆಡುವವರು ಒಂದು ಪಾತ್ರ ವಹಿಸಿ, ಅವರ ನಿರ್ಧಾರದಂತೆ ಕಥೆ ತಿರುಗುತ್ತಾ ಹೋಗುವ ಆಟಗಳಿವು. 1998ರ 'ಬಾಲ್ಡರ್ಸ್ ಗೇಟ್' ಅವುಗಳಲ್ಲಿ ಮೇರು ಕೃತಿ. ಅದನ್ನು ಕಟ್ಟಿದ್ದು ಬಯೋವೇರ್, ಪ್ರಕಟಿಸಿದ್ದು ಇಂಟರ್‌ಪ್ಲೇ, ಕಥೆ ನಡೆಯುವ ಲೋಕ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟದ ಒಡೆಯರದು. ಬೀಮ್‌ಡಾಗ್ ಎಂಬ ಸಂಸ್ಥೆ 2012ರ ನವೆಂಬರ್‌ನಲ್ಲಿ ಅದನ್ನು ಪರಿಷ್ಕರಿಸಿ ಮತ್ತೆ ಬಿಡುಗಡೆ ಮಾಡಿತು. ಮರುವರ್ಷ ಜೂನ್‌ನಲ್ಲಿ ಪ್ರಕಾಶಕರ ಜೊತೆಗಿನ ಒಪ್ಪಂದದ ತೊಡಕಿನಿಂದ ಮಾರಾಟವನ್ನೇ ನಿಲ್ಲಿಸಬೇಕಾಯಿತು, ಆಗಸ್ಟ್‌ನಲ್ಲಿ ಅದು ಬಗೆಹರಿಯಿತು. 1999ರ 'ಸಿಸ್ಟಮ್ ಶಾಕ್ 2'ರ ಕಥೆ ಇನ್ನೂ ವಿಚಿತ್ರ. ಕಟ್ಟಿದವರಲ್ಲಿ ಒಂದಾದ ಲುಕಿಂಗ್ ಗ್ಲಾಸ್ 2000ದಲ್ಲಿ ಬಾಗಿಲು ಹಾಕಿತು, ಆಟದ ಹಕ್ಕು ಒಂದು ವಿಮಾ ಕಂಪನಿಯ ಪಾಲಾಯಿತು. ಸ್ಟೀಫನ್ ಕಿಕ್ ಎಂಬವರು ಆ ಕಂಪನಿಯನ್ನು ಹುಡುಕಿ ಹಿಡಿದು, ಒಪ್ಪಿಗೆ ಪಡೆದು, ನೈಟ್‌ಡೈವ್ ಸಂಸ್ಥೆ ಕಟ್ಟಿ, 2013ರಲ್ಲಿ ಆಟವನ್ನು ಮತ್ತೆ ಹೊರತಂದರು. ಅದೇ ಸಂಸ್ಥೆ 'ನೋ ಒನ್ ಲಿವ್ಸ್ ಫಾರೆವರ್' ಆಟಕ್ಕಾಗಿ ದೊಡ್ಡ ದೊಡ್ಡ ಕಂಪನಿಗಳ ಬಾಗಿಲು ಬಡಿದರೂ ಹಕ್ಕು ಖಚಿತವಾಗಿ ಯಾರದೆಂಬ ಉತ್ತರ ಸಿಗದೆ ಕೈಬಿಡಬೇಕಾಯಿತು. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಗೇಮುಗಳಲ್ಲಿ ಶೇ. 87ರಷ್ಟು ಈಗ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು ಅಲ್ಲಿನ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿತು. ಇದಕ್ಕೆಲ್ಲ ಹಕ್ಕೊಂದೇ ಕಾರಣವಲ್ಲ, ಹಳೆಯ ಯಂತ್ರಗಳು ಕೆಟ್ಟದ್ದೂ ಇದೆ. ಆದರೆ ಯಂತ್ರದ ಸಮಸ್ಯೆಯನ್ನು ಜಾಣ ಎಂಜಿನಿಯರ್ ಬಗೆಹರಿಸಬಲ್ಲ, ಸಹಿ ಹಾಕುವವರೇ ಸಿಗದಿದ್ದರೆ ಅವನೂ ಕೈಕಟ್ಟಿ ಕೂರಬೇಕು.

ಇಲ್ಲಿ ನ್ಯಾಯವಾದ ಆಕ್ಷೇಪವೊಂದಿದೆ. ಯಕ್ಷಗಾನ ಊರಿನ ಕಲೆ. ಭಾಗವತರಿಂದ ಭಾಗವತರಿಗೆ, ಗುರುವಿನಿಂದ ಶಿಷ್ಯನಿಗೆ ಕೇಳದೆಯೇ ಹರಿದು ಬಂದದ್ದು. ಹಾರಾಡಿ ಶೈಲಿ, ಮಟ್ಟಪಾಡಿ ಶೈಲಿ ಎನ್ನುತ್ತೇವೆಯೇ ಹೊರತು ಅವುಗಳ ಮೇಲೆ ಯಾರಾದರೂ ದಾವೆ ಹೂಡಿದ್ದುಂಟೇ? ಅಂಥ ಕಲೆಯೊಳಗೆ ಕೃತಿಸ್ವಾಮ್ಯ ತರುವುದೇ ತಪ್ಪು ಎನ್ನುವವರಿದ್ದಾರೆ. ಅವರ ಕಳಕಳಿ ಅರ್ಥವಾಗುತ್ತದೆ, ಆದರೆ ವಾದ ಪೂರ್ತಿ ನಿಲ್ಲುವುದಿಲ್ಲ. ಕಾರಂತರ ಪ್ರಯೋಗವನ್ನು ಪರಂಪರೆಯಿಂದ ಬೇರೆ ಮಾಡಿದ್ದು ಕೋರ್ಟಲ್ಲ. ಅದನ್ನು ವಿರೋಧಿಸಿದ ಸಂಪ್ರದಾಯಸ್ಥರೇ ಇದು ನಮ್ಮ ಆಟವಲ್ಲ ಎಂದು ಎಷ್ಟೋ ಸಲ ಹೇಳಿದ್ದರು. ಒಬ್ಬನ ಕೈಚಳಕ ಎದ್ದು ಕಾಣುವಷ್ಟು ಬೇರೆಯಾದ ಕೃತಿಗೆ ಒಬ್ಬ ಹೊಣೆಗಾರ ಇರುವುದು ಕೃತಿಗೇ ಒಳ್ಳೆಯದು. ಇಲ್ಲದಿದ್ದರೆ ಯಾರು ಬೇಕಾದರೂ ಹೆಜ್ಜೆ ಕತ್ತರಿಸಿ, ಪದ್ಯ ಬದಲಿಸಿ, ಮೇಲೆ ಕಾರಂತರ ಹೆಸರು ಅಂಟಿಸಬಹುದು.

ಇನ್ನೊಂದು ಆಕ್ಷೇಪ ಗೇಮಿನವರದು. ಒಡೆಯರು ಮರೆತ ಆಟಗಳನ್ನು ಉಳಿಸಿದ್ದು ಅಭಿಮಾನಿಗಳ ಕದ್ದ ಪ್ರತಿಗಳೇ, ಹಾಗಾಗಿ ಒಪ್ಪಿಗೆಗೆ ಕಾಯುವುದು ಮೂರ್ಖತನ ಎಂದು ಅವರು ವಾದಿಸುತ್ತಾರೆ. ಪ್ರತಿ ಉಳಿದದ್ದು ನಿಜ. ಆದರೆ ಪ್ರತಿಯೊಂದಿದ್ದರೆ ಸಾಲದು. 2002ರ 'ಐಸ್‌ವಿಂಡ್ ಡೇಲ್ 2' ಆಟದ ಪ್ರತಿಗಳು ಧಾರಾಳ ಇವೆ. ಮೂಲ ಸೋರ್ಸ್ ಕೋಡ್ ಎಲ್ಲೂ ಸಿಗದ ಕಾರಣ ಬೀಮ್‌ಡಾಗ್ ಅದರ ಪರಿಷ್ಕೃತ ಆವೃತ್ತಿ ತರಲಾಗಲಿಲ್ಲ. ಯಕ್ಷರಂಗಕ್ಕೆ ಸೋರ್ಸ್ ಕೋಡ್ ಎಂದರೆ ಕಲಾವಿದರ ಮೈ. ಚಕ್ರವ್ಯೂಹದ ಸುತ್ತಿನಲ್ಲಿ ಅಭಿಮನ್ಯು ಯಾವ ತಾಳದ ಯಾವ ಪೆಟ್ಟಿಗೆ ತಿರುಗಬೇಕು, ಎಲ್ಲಿ ಉಸಿರು ಹಿಡಿಯಬೇಕು ಎಂಬುದು ಪದ್ಯದ ಪುಸ್ತಕದಲ್ಲಿಲ್ಲ. ಅದು ಕಾರಂತರ ಎದುರು ನಿಂತು ಕಲಿತವರ ಕಾಲಿನಲ್ಲಿದೆ. ಪ್ರೇಕ್ಷಕರ ಸಾಲಿನಿಂದ ಕದ್ದು ತೆಗೆದ ವಿಡಿಯೊ ಆಟದ ಹೊರಮೈಯನ್ನಷ್ಟೇ ಹಿಡಿಯುತ್ತದೆ. ಕಲಾವಿದರನ್ನು ಕೂರಿಸಿ, ಹೆಜ್ಜೆ ಹೆಜ್ಜೆಯನ್ನೂ ನಿಲ್ಲಿಸಿ ಕೇಳಿ ದಾಖಲಿಸಬೇಕಾದರೆ ಸಂಸ್ಥೆ ಬೇಕು, ಖರ್ಚು ಬೇಕು, ಮುಂದೆ ದಾವೆ ಬೀಳದೆಂಬ ಧೈರ್ಯವೂ ಬೇಕು. ಆ ಧೈರ್ಯ ಒಪ್ಪಿಗೆಯ ಕಾಗದದಿಂದ ಮಾತ್ರ ಬರುತ್ತದೆ.

ಕಾನೂನಿನಲ್ಲಿ ದಾರಿಗಳಿವೆ, ಬಳಸುವವರು ಕಡಿಮೆ. ಲೇಖಕರು ತೀರಿಹೋಗಿದ್ದರೆ ಅಥವಾ ಒಡೆಯರು ಪತ್ತೆಯಾಗದಿದ್ದರೆ ಕೃತಿಯನ್ನು ಪ್ರಕಟಿಸಲು ಪರವಾನಗಿ ಕೇಳುವ ಅವಕಾಶ ಕಾಯ್ದೆಯ 31ಎ ಕಲಮಿನಲ್ಲಿದೆ. 2012ರ ತಿದ್ದುಪಡಿ ಅದನ್ನು ಹಿಂದೆ ಪ್ರಕಟವಾದ ಕೃತಿಗಳಿಗೂ ವಿಸ್ತರಿಸಿತು. ಅದಕ್ಕಿಂತ ಸುಲಭದ್ದು ಮೊದಲೇ ಬರೆದಿಡುವುದು. 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಲೇಬೇಕು. ಅವಧಿ ನಮೂದಿಸದಿದ್ದರೆ ಅದು ಐದೇ ವರ್ಷದ್ದು. ಮೇಳಗಳಿಗೆ ಹೊಸ ಪ್ರಸಂಗ ಬರೆದುಕೊಡುವವರು ಈ ಸಾಲನ್ನು ಓದಿಕೊಳ್ಳಲಿ. ಪದ್ಯ ಯಾರದು, ರಂಗ ನಡೆ ಯಾರದು, ಮೇಳ ಬಿಟ್ಟುಕೊಟ್ಟ ಮೇಲೆ ಆಡುವ ಹಕ್ಕು ಯಾರಿಗೆ, ವಿಡಿಯೊ ಯಾರಿಗೆ ಎಂಬ ನಾಲ್ಕು ಸಾಲು ಒಂದು ಹಾಳೆಯಲ್ಲಿದ್ದರೆ ಸಾಕು. ಬರವಣಿಗೆಯಿಂದ ಸ್ನೇಹ ಕೆಡುತ್ತದೆ ಎಂಬ ಸಂಕೋಚ ನಮ್ಮ ಕಡೆ ಬಹಳ. ಸ್ನೇಹಿತರಿಬ್ಬರೂ ಹೋದ ಮೇಲೆ ಮಕ್ಕಳ ನಡುವೆ ಆ ಸ್ನೇಹ ಇರುವುದಿಲ್ಲವಲ್ಲ.

ಕಾರಂತರ ಏಳು ಪ್ರಸಂಗಗಳ ಹಕ್ಕು ಅವರ ಮರಣದ ನಂತರದ 60 ವರ್ಷ, ಅಂದರೆ 2057ರ ಕೊನೆಯವರೆಗೆ ಇರುತ್ತದೆ. 2058ರ ಜನವರಿ 1ರಿಂದ ಯಾರ ಒಪ್ಪಿಗೆಯೂ ಇಲ್ಲದೆ ಅವನ್ನು ಆಡಬಹುದು. ಕಾರಂತರ ಕೈಕೆಳಗೆ ಅವರ ಕೊನೆಯ ವರ್ಷಗಳಲ್ಲಿ, ಇಪ್ಪತ್ತರ ಹರೆಯದಲ್ಲಿ ಕುಣಿದವರಿಗೂ ಆಗ ಎಂಬತ್ತು ದಾಟಿರುತ್ತದೆ. ಹಕ್ಕು ಇರುವವರು, ಯಕ್ಷಗಾನ ಕೇಂದ್ರ, ಆ ಹೆಜ್ಜೆ ಬಲ್ಲ ಕಲಾವಿದರು ಒಂದು ಮೇಜಿನ ಸುತ್ತ ಕೂತು, ದಾಖಲೀಕರಣಕ್ಕಷ್ಟೇ ಸೀಮಿತವಾದ ಲಿಖಿತ ಪರವಾನಗಿಯೊಂದನ್ನು ಈಗಲೇ ಮಾಡಿಕೊಳ್ಳಬಹುದು. ಪ್ರದರ್ಶನದ ಹಕ್ಕು ಯಾರಿಗೆಷ್ಟು ಎಂಬ ಮಾತು ಆಮೇಲೆ ಆಗಲಿ. ಕ್ಯಾಮೆರಾದ ಮುಂದೆ ಮೊದಲು ನಿಲ್ಲಬೇಕಾದವರು ವಯಸ್ಸಾದ ಕಲಾವಿದರು.