ಕೋವಿಗೆ ದುರ್ಬೀನು ಕೂರಿಸುವ ಬಗೆ

ನಮ್ಮ ಸದಸ್ಯರಲ್ಲಿ ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ಕೋವಿ ಇಟ್ಟುಕೊಂಡವರಿದ್ದಾರೆ. ಮಕ್ಕಳನ್ನು ರೈಫಲ್ ತರಬೇತಿಗೆ ಕಳುಹಿಸುವವರೂ ಇದ್ದಾರೆ. ಕೊಡಗಿನ ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿ ಬಂದವರು, ಕೋವಿಗೊಂದು ದುರ್ಬೀನು ಹಾಕಿಸಿದರೆ ಗುರಿ ತಪ್ಪುವುದಿಲ್ಲವಷ್ಟೆ ಎಂದು ಕೇಳುವುದುಂಟು. ದುರ್ಬೀನು ದೂರದ್ದನ್ನು ಹತ್ತಿರ ತೋರಿಸುತ್ತದೆಯೇ ಹೊರತು ಗುಂಡನ್ನು ನೆಟ್ಟಗೆ ಕಳುಹಿಸುವುದಿಲ್ಲ. ಅದನ್ನು ಕೂರಿಸುವ ಮಟ್ಟದಲ್ಲಿಯೇ ಎಲ್ಲವೂ ಇದೆ.

ನಮ್ಮ ಕಡೆ ಹೆಚ್ಚಾಗಿರುವುದು ಹನ್ನೆರಡು ಬೋರಿನ ಒಂಟಿನಳಿಗೆ, ಜೋಡುನಳಿಗೆ ಕೋವಿಗಳು. ಇವುಗಳ ನಳಿಗೆಯ ಒಳಮೈ ನುಣುಪು. ಚರೆ 35–40 ಗಜದಾಚೆಗೆ ಚೆದರಿಹೋಗುತ್ತದೆ. ಇಂತಹದಕ್ಕೆ ದುರ್ಬೀನು ಹಾಕುವುದು ಎತ್ತಿನ ಗಾಡಿಗೆ ಸ್ಪೀಡೋಮೀಟರ್ ಹಾಕಿದಂತೆ. ನಳಿಗೆಯೊಳಗೆ ಸುರುಳಿ ಗೆರೆಯಿರುವ ರೈಫಲ್ಲಿಗೆ, ಏರ್ ರೈಫಲ್ಲಿಗೆ ಮಾತ್ರ ಇದರ ಪ್ರಯೋಜನ.

ಮಟ್ಟ ಏಕೆ ಬೇಕೆಂಬುದನ್ನು ನೋಡೋಣ. ನಳಿಗೆ ಬಿಟ್ಟ ಕ್ಷಣದಿಂದಲೇ ಗುಂಡು ಬೀಳತೊಡಗುತ್ತದೆ. ಪಾಯಿಂಟ್ ಟೂ ಟೂ ರೈಫಲ್ಲಿನ ಸಾಧಾರಣ ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೊರಟು, 50 ಮೀಟರಿನಲ್ಲಿ ನಳಿಗೆಯ ನೇರಕ್ಕಿಂತ ಸುಮಾರು 12 ಸೆಂಟಿಮೀಟರ್, 100 ಮೀಟರಿನಲ್ಲಿ ಸುಮಾರು ಅರ್ಧ ಮೀಟರ್ ಕೆಳಗಿರುತ್ತದೆ. ಇದನ್ನು ಸರಿದೂಗಿಸಲು ನಳಿಗೆಯ ಬಾಯಿ ಕೊಂಚ ಮೇಲಕ್ಕೆ ಇರುವಂತೆ ಗುರಿ ಹೊಂದಿಸುತ್ತೇವೆ. ಕೋವಿ ಬಲಕ್ಕೆ ವಾಲಿತೆನ್ನಿ, ಆ ಮೇಲಿನ ಎತ್ತವೂ ಬಲಕ್ಕೆ ವಾಲುತ್ತದೆ. 5 ಡಿಗ್ರಿ ವಾಲಿದರೆ 50 ಮೀಟರಿನಲ್ಲಿ ಗುಂಡು ಒಂದು ಸೆಂಟಿಮೀಟರ್ ಬಲಕ್ಕೆ. 100 ಮೀಟರಿಗೆ ಹೊಂದಿಸಿದ ಕೋವಿಯಾದರೆ ನಾಲ್ಕು ಸೆಂಟಿಮೀಟರಿಗೂ ಹೆಚ್ಚು. ದೂರ ಎರಡರಷ್ಟಾದರೆ ತಪ್ಪು ನಾಲ್ಕರಷ್ಟಾಯಿತು. ಹತ್ತಿರದಲ್ಲಿ ಸರಿಯಾಗಿ ಬೀಳುತ್ತಿದ್ದ ಗುಂಡು ದೂರದಲ್ಲಿ ಪಕ್ಕಕ್ಕೆ ಹೋದಾಗ ಎಲ್ಲರೂ ಗಾಳಿಯನ್ನು ದೂರುತ್ತಾರೆ.

ಇಲ್ಲಿ ಹಲವರಿಗೆ ತಿಳಿಯದ ಒಂದು ಸೂಕ್ಷ್ಮವಿದೆ. ದುರ್ಬೀನಿನೊಳಗಿನ ಉದ್ದಗೆರೆ ಮುಖ್ಯವಾಗಿ ಹೊಂದಬೇಕಾದುದು ಕೋವಿಯ ಮೈಗೆ ಅಲ್ಲ, ಭೂಮಿಯ ಲಂಬಕ್ಕೆ. ಉದ್ದಗೆರೆ ಲಂಬವಾಗಿದ್ದು ಕೆಳಗಿನ ಕೋವಿ 3 ಡಿಗ್ರಿ ಓರೆಯಾಗಿದ್ದರೂ, ನಾಲ್ಕು ಸೆಂಟಿಮೀಟರ್ ಎತ್ತರದ ದುರ್ಬೀನಿನಲ್ಲಿ ಆಗುವ ಪಕ್ಕದ ಅಂತರ ಕೇವಲ 2 ಮಿಲಿಮೀಟರ್. ಗೆರೆಯೇ 3 ಡಿಗ್ರಿ ಓರೆಯಾಗಿದ್ದರೆ, ಒಂದು ಮೀಟರ್ ಬೀಳುವ ಗುಂಡಿಗೆ 5 ಸೆಂಟಿಮೀಟರ್ ತಪ್ಪು.

ಇನ್ನು ಕೂರಿಸುವ ಕ್ರಮ. ಗುಂಡು ತೆಗೆದು, ನಳಿಗೆಯನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಳ್ಳತಕ್ಕದ್ದು. ಮನೆಯ ಇನ್ನೊಬ್ಬರಿಂದಲೂ ನೋಡಿಸಿ. ತಳಪಟ್ಟಿ, ಉಂಗುರಗಳ ಎಣ್ಣೆ ಒರೆಸಿ, ತಳಪಟ್ಟಿಯ ತಿರುಪುಗಳನ್ನು ಬಿಗಿ ಮಾಡಿ. ಉಂಗುರದ ತಿರುಪು ಸಡಿಲವಿರುವಾಗಲೇ ಕೋವಿಯನ್ನು ಹೆಗಲಿಗಿಟ್ಟು, ಪೂರ್ತಿ ವೃತ್ತ ಕಾಣುವಷ್ಟು ಹಿಂದಕ್ಕೆ ಮುಂದಕ್ಕೆ ಸರಿಸಿ. ತೀರ ಹತ್ತಿರವಾದರೆ ಒದೆತಕ್ಕೆ ಹುಬ್ಬು ಒಡೆದೀತು. ಆಮೇಲೆ ಕೋವಿಯನ್ನು ಮರಳಿನ ಚೀಲಗಳ ನಡುವೆ ಕೂರಿಸಿ ತಳಪಟ್ಟಿಯ ಮೇಲೆ ರಸಮಟ್ಟವಿಟ್ಟು ಸಮ ಮಾಡಿ. 25 ಮೀಟರ್ ದೂರದಲ್ಲಿ, ಗಾಳಿಯಿಲ್ಲದ ಕಡೆ, ಗಾರೆಯವರ ತೂಗುಗುಂಡನ್ನು ಬಿಳಿ ದಾರದಲ್ಲಿ ಇಳಿಬಿಡಿ. ದುರ್ಬೀನನ್ನು ತಿರುಗಿಸುತ್ತ ಉದ್ದಗೆರೆಯನ್ನು ಆ ದಾರದ ಮೇಲೆ ಕೂಡಿಸಿ. ದುರ್ಬೀನಿನ ಮೇಲಿನ ಮುಚ್ಚಳದ ಮೇಲೆ ರಸಮಟ್ಟವಿಟ್ಟರೆ ಸಾಕೆನ್ನುವವರಿದ್ದಾರೆ. ಅಗ್ಗದ ಮಾಲಿನಲ್ಲಿ ಮುಚ್ಚಳವೂ ಒಳಗೆರೆಯೂ ಹೊಂದಿರುವುದಿಲ್ಲ, ನಮಗೆ ದಾರದ ಮೇಲೆಯೇ ನಂಬಿಕೆ. ಉಂಗುರದ ತಿರುಪುಗಳನ್ನು ಆಚೆಗೊಂದು ಈಚೆಗೊಂದು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಬದಿ ಎಳೆದರೆ ದುರ್ಬೀನು ಅದರೊಡನೆ ತಿರುಗುತ್ತದೆ, ಮಾಡಿದ್ದೆಲ್ಲ ವ್ಯರ್ಥ. ಸುಮಾರು 2 ನ್ಯೂಟನ್ ಮೀಟರ್ ಬಿಗಿ ಸಾಮಾನ್ಯವಾಗಿ ಸಾಕು. ತಯಾರಕರು ಬೇರೆ ಹೇಳಿದ್ದರೆ ಅದರಂತೆ.

ಸ್ಪ್ರಿಂಗಿನ ಏರ್ ರೈಫಲ್ ಎರಡೂ ಕಡೆಗೆ ಒದೆಯುತ್ತದೆ. ರೈಫಲ್ಲಿನ ಸಾಧಾರಣ ದುರ್ಬೀನು ಅದರ ಮೇಲೆ ಬೇಗ ಹಾಳಾಗುತ್ತದೆ. ಅದಕ್ಕೆಂದೇ ಮಾಡಿದ್ದನ್ನು ಕೊಳ್ಳಿರಿ.

ಪರೀಕ್ಷೆಗೆ, ಹಲಗೆಯ ಕಾಗದದ ಮೇಲೆ ತೂಗುಗುಂಡಿನ ನೇರಕ್ಕೆ ಉದ್ದನೆಯ ಗೆರೆ ಎಳೆದು, ಅದರ ಬುಡಕ್ಕೆ ಗುರಿಯಿಟ್ಟು ಹೊಡೆಯಿರಿ. ಮೇಲಿನ ಗುಬುಟನ್ನು 40 ಕ್ಲಿಕ್ ಏರಿಸಿ, ಅದೇ ಬುಡಕ್ಕೆ ಗುರಿಯಿಟ್ಟು ಮತ್ತೆ ಹೊಡೆಯಿರಿ. ಕಾಲು ಮಿನಿಟಿನ ಕ್ಲಿಕ್ ಆದರೆ 50 ಮೀಟರಿನಲ್ಲಿ ಗುಂಡು ಸುಮಾರು 14–15 ಸೆಂಟಿಮೀಟರ್ ಏರಬೇಕು, ಗೆರೆ ಬಿಟ್ಟು ಕದಲಬಾರದು. ಕದಲಿದರೆ ಉಂಗುರ ಸಡಿಲಿಸಿ ಮತ್ತೆ ದಾರಕ್ಕೆ ಕೂಡಿಸಬೇಕು.

ಈ ಪರೀಕ್ಷೆ ಅಧಿಕೃತ ಗುರಿಮೈದಾನದಲ್ಲಿ, ಎತ್ತರದ ಮಣ್ಣಿನ ದಿಬ್ಬದ ಎದುರು ಮಾತ್ರ. ರವೀಂದ್ರನಗರದ ತಾರಸಿಯ ಮೇಲೂ ಅಲ್ಲ, ತೋಟದ ಸಾಲಿನಲ್ಲಿಯೂ ಅಲ್ಲ. ಪಾಯಿಂಟ್ ಟೂ ಟೂ ಗುಂಡು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ಅಡಿಕೆ ಮರದ ಸಂದಿಯಲ್ಲಿ ನಾಲ್ಕು ಸೆಂಟಿಮೀಟರ್ ತಪ್ಪಿದ್ದು ಪಕ್ಕದ ತೋಟದಲ್ಲಿ ಕಳೆ ತೆಗೆಯುವವರನ್ನು ಮುಟ್ಟೀತು. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ದುರ್ಬೀನಿದ್ದವರಿಗೂ ಇಲ್ಲದವರಿಗೂ ಒಂದೇ.

ಚುನಾವಣೆಯ ಕಾಲದಲ್ಲಿ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗಿ ಬಂದರೆ, ವಾಪಸು ತಂದೊಡನೆ ತಿರುಪುಗಳನ್ನೂ ದಾರದ ನೇರವನ್ನೂ ಇನ್ನೊಮ್ಮೆ ನೋಡಿಕೊಳ್ಳಿರಿ. ಉಂಗುರಕ್ಕೂ ದುರ್ಬೀನಿಗೂ ಕೂಡುವಂತೆ ಬಣ್ಣದ ಸಣ್ಣ ಗೀಟೊಂದನ್ನು ಮೊದಲೇ ಎಳೆದಿಟ್ಟಿದ್ದರೆ, ಕದಲಿದೆಯೇ ಇಲ್ಲವೇ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.