ಮಮಕಾರದ ಸ್ವರೂಪ: ಬಳ್ಳಾರಿ ಸೀಮೆಯ ಕೆಲವು ನಿದರ್ಶನಗಳು

‘ಮಮ’ ಎಂದರೆ ‘ನನ್ನದು’. ವಸ್ತುವೊಂದನ್ನು ತನ್ನದೆಂದು ಭಾವಿಸುವ ಮನೋವೃತ್ತಿಯೇ ಮಮಕಾರ. ಇದನ್ನು ಲೋಭದೊಡನೆ ಸೇರಿಸಿ ನಿಂದಿಸುವುದು ವಾಡಿಕೆ. ಆದರೆ ಇವೆರಡೂ ಒಂದೇ ಅಲ್ಲ. ಲೋಭಕ್ಕೆ ಇನ್ನಷ್ಟು ವಸ್ತುಗಳು ಬೇಕು. ಮಮಕಾರಕ್ಕೆ ಅದೊಂದೇ ವಸ್ತು ಬೇಕು. ಈ ಭೇದವನ್ನು ಬಳ್ಳಾರಿ ಸೀಮೆಯ ನಿದರ್ಶನಗಳಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಳ್ಳಾರಿ ನಗರದ ಸಮೀಪದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನರು ಕಲ್ಲುಕೊಡಲಿಗಳನ್ನು ಹೇರಳವಾಗಿ ತಯಾರಿಸುತ್ತಿದ್ದರು. ಅಲ್ಲಿ ಒಂದರ ಬದಲಿಗೆ ಇನ್ನೊಂದು ಸಲ್ಲುತ್ತಿತ್ತೆಂದು ಊಹಿಸಬಹುದು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಸಂಗತಿ ಬೇರೆ. ಅಲ್ಲಿ 1963–65ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ, ಮೃತರೊಡನೆ ಮಡಕೆಗಳನ್ನಿರಿಸಿ ಹೂಳಿದ್ದುದು ಕಂಡುಬಂದಿತು. ಇದಕ್ಕೆ ಪರಲೋಕದ ನಂಬಿಕೆಯೂ ಕಾರಣವಾಗಿದ್ದೀತು. ಆದರೂ, ಬಳಕೆಗೆ ಬರುವ ಮಡಕೆಯನ್ನು ಬದುಕಿರುವವರು ಮಣ್ಣಿಗೆ ಬಿಟ್ಟುಕೊಟ್ಟರೆಂದರೆ, ಅದರ ಬೆಲೆಯನ್ನು ಉಪಯೋಗವೊಂದರಿಂದಲೇ ಅಳೆಯಲಿಲ್ಲವೆಂಬುದು ಸ್ಪಷ್ಟ.

ಆಧುನಿಕ ಮನಶ್ಶಾಸ್ತ್ರವೂ ಇದನ್ನೇ ಸಮರ್ಥಿಸುತ್ತದೆ. ‘ನಾನು’ ಮತ್ತು ‘ನನ್ನದು’ ಇವುಗಳ ನಡುವೆ ಗೆರೆ ಎಳೆಯುವುದು ಕಷ್ಟವೆಂದು ವಿಲಿಯಂ ಜೇಮ್ಸ್ 1890ರಲ್ಲಿಯೇ ಪ್ರತಿಪಾದಿಸಿದನು. 1990ರಲ್ಲಿ ಕಾನೆಮನ್, ನೆಟ್ಷ್, ಥೇಲರ್ ಎಂಬ ವಿದ್ವಾಂಸರು ತಮ್ಮ ಪ್ರಯೋಗಗಳ ಫಲಿತಾಂಶವನ್ನು ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಬಟ್ಟಲನ್ನು ಕೊಟ್ಟು, ಅದನ್ನು ಮಾರಲು ಎಷ್ಟು ಬೇಕೆಂದು ಕೇಳಲಾಯಿತು. ಬಟ್ಟಲಿಲ್ಲದವರು ಕೊಡಲೊಪ್ಪಿದ ಬೆಲೆಗಿಂತ ಅವರು ಕೇಳಿದ ಬೆಲೆ ಸುಮಾರು ಇಮ್ಮಡಿಯಾಗಿತ್ತು. ಕೆಲವೇ ನಿಮಿಷಗಳ ಒಡೆತನಕ್ಕೆ ಇಷ್ಟು ಬಲವಿದ್ದರೆ, ತಲೆಮಾರುಗಳ ಒಡೆತನದ ಬಲವೆಷ್ಟಿರಬೇಕು!

ನಮ್ಮ ಮನೆಗಳಲ್ಲಿ ಪಾತ್ರೆಗಳ ಮೇಲೆ ಕೊಟ್ಟವರ ಹೆಸರನ್ನು ಕೆತ್ತಿಸುವ ರೂಢಿಯುಂಟು. ಮದುವೆಯಲ್ಲಿ ತವರಿನಿಂದ ಬಂದ ಹಿತ್ತಾಳೆಯ ಕೊಡ ತೂತಾದರೂ ಅಟ್ಟ ಸೇರುತ್ತದೆಯೇ ಹೊರತು ಅಂಗಡಿ ಸೇರುವುದಿಲ್ಲ. ಅಂಗಡಿಯವನು ಹಿತ್ತಾಳೆಯನ್ನು ತೂಗಬಲ್ಲನು. ಕೆತ್ತಿದ ಹೆಸರಿಗೆ ಅವನ ತಕ್ಕಡಿಯಲ್ಲಿ ತೂಕವಿಲ್ಲ.

ಈ ವಿಚಾರ ಮನೆಯ ಹೊಸ್ತಿಲೊಳಗೆ ನಿಲ್ಲತಕ್ಕದ್ದಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ನೀರು ಹರಿಯಿತು. ಕುರುಗೋಡು, ಸಿರುಗುಪ್ಪಗಳ ಬಯಲಿನಲ್ಲಿ ಇಂದು ಬತ್ತ ಬೆಳೆಯುವುದು ಆ ನೀರಿನಿಂದ. ಆದರೆ ಅದೇ ನೀರಿನಡಿಯಲ್ಲಿ ಬೇರೆಯವರ ಊರುಗಳು ಮುಳುಗಿದವು. ಭೂಮಿಗೆ, ಗೋಡೆಗೆ, ತೊಲೆಗೆ ಬೆಲೆ ಕಟ್ಟಬಹುದು. ಹೆತ್ತವರು ಕಟ್ಟಿಸಿದ ಮನೆಯೆಂಬ ಭಾವಕ್ಕೆ ಬೆಲೆ ಕಟ್ಟುವ ಕೋಷ್ಟಕವಿಲ್ಲ. ಊರು ಬಿಡುವವನು ಹೆಚ್ಚು ಕೇಳಿದರೆ ಅದನ್ನು ದುರಾಶೆಯೆಂದು ಕರೆಯುವ ಮುನ್ನ, ಅವನು ಮಾರುತ್ತಿರುವುದು ಏನನ್ನೆಂದು ವಿಚಾರಿಸುವುದು ನ್ಯಾಯ. ಕೊಳ್ಳುವವನಿಗೆ ಅದು ವಸ್ತು. ಬಿಟ್ಟುಕೊಡುವವನಿಗೆ ತನ್ನದೇ ಒಂದು ಭಾಗ.