ಹಳೆಯ ಓದು ಮುಕ್ತ, ಹೊಸ ಓದಿಗೆ ಬೀಗ: ಬಾದಾಮಿ ಸೀಮೆಯ ಶಾಸನಗಳು ಮತ್ತು ವಿಕಿಪೀಡಿಯ

ಬಾದಾಮಿಯ ಅಗಸ್ತ್ಯತೀರ್ಥದ ಈಶಾನ್ಯಕ್ಕೆ, ತಟ್ಟುಕೋಟೆ ಕಡೆಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿರುವುದು ಶಾಸನಾಸಕ್ತರಿಗೆಲ್ಲ ಗೊತ್ತೇ ಇದೆ. ಕಳೆದ ಚಳಿಗಾಲದಲ್ಲಿ ಇಳಕಲ್ಲಿನ ಕೆಲವು ಕಾಲೇಜು ಹುಡುಗರ ಜೊತೆ ಅಲ್ಲಿ ನಿಂತಿದ್ದೆ. ಅವರಲ್ಲೊಬ್ಬ ಮೊಬೈಲ್ ಹಿಡಿದು ಕೇಳಿದ: "ಸರ್, ಇದರಾಗ ಕ್ರಿ.ಶ. 700 ಅಂತ ಐತ್ರಿ. ಕಲ್ಲಿನ್ಯಾಗ ಅದು ಎಷ್ಟನೇ ಸಾಲಿಗೆ ಬರ್ತದ್ರಿ?"

ಯಾವ ಸಾಲಿಗೂ ಬರುವುದಿಲ್ಲ. ಐದು ಪದ್ಯ, ಹತ್ತು ಸಾಲು, ಕೊನೆಯ ಮೂರು ಪದ್ಯ ತ್ರಿಪದಿ. ಶಕವರ್ಷವಿಲ್ಲ, ಅರಸನ ಹೆಸರೂ ಇಲ್ಲ. ಲಿಪಿಯ ಸ್ವರೂಪ ನೋಡಿ ವಿದ್ವಾಂಸರು "ಸುಮಾರು 700" ಅಂದರು. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ನಕಲಾಗುತ್ತಾ "ಸುಮಾರು" ಎಲ್ಲೋ ಉದುರಿಹೋಯಿತು, 700 ಮಾತ್ರ ಉಳಿಯಿತು.

"ಮತ್ತ ನೀವ ಯಾಕ ತಿದ್ದಬಾರದ್ರಿ?" ಎಂದ ಹುಡುಗ. ನ್ಯಾಯವಾದ ಪ್ರಶ್ನೆ. ಒಂದು ಪದವನ್ನು ತಿದ್ದುವುದು ಸುಲಭ. ಆದರೆ ಶಾಸನದ ಪೂರ್ತಿ ಪಾಠ, ಅರ್ಥ, ಚಿತ್ರ ಕೊಡಲು ಹೊರಟರೆ ಸಿಕ್ಕು ಶುರುವಾಗುತ್ತದೆ. ನನಗೇ ಆದದ್ದು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಈ ಭಾಗದ ಒಂದು ಶಾಸನದ ಬಗ್ಗೆ ವಿಕಿಪೀಡಿಯಕ್ಕೆ ಲೇಖನ ಬರೆದೆ. ಇತ್ತೀಚಿನ ಸಂಪಾದಿತ ಪುಸ್ತಕವೊಂದರಿಂದ ಪಾಠವನ್ನೂ ಹೊಸಗನ್ನಡ ಅನುವಾದವನ್ನೂ ಹಾಗೇ ಇಳಿಸಿದ್ದೆ. ಆಧಾರವನ್ನೂ ಕೊಟ್ಟಿದ್ದೆ. ಆದರೂ ಎರಡೇ ದಿನದಲ್ಲಿ ಅಳಿಸಿಹಾಕಿದರು. ಸಿಟ್ಟು ಬಂತು, ಆಮೇಲೆ ಗೊತ್ತಾಯಿತು ತಪ್ಪು ನನ್ನದೇ ಎಂದು. ಆಧಾರ ಹೇಳುವುದು ಬೇರೆ, ಬಳಸಲು ಹಕ್ಕಿರುವುದು ಬೇರೆ.

ಏಳನೇ, ಎಂಟನೇ ಶತಮಾನದ ಕಲ್ಲಿನ ಮಾತಿಗೆ ಈಗ ಯಾರೂ ಒಡೆಯರಿಲ್ಲ. ಆದರೆ ಸವೆದ ಅಕ್ಷರವನ್ನು ಊಹಿಸಿ ತುಂಬಿದ ಸಂಪಾದಕರ ಶ್ರಮ, ಅವರ ಅನುವಾದ, ಟಿಪ್ಪಣಿ, ತೆಗೆದ ಚಿತ್ರ, ಇವುಗಳ ಲೆಕ್ಕ ಬೇರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಸರ್ಕಾರದ ಪ್ರಕಟಣೆಯಾದರೆ ಪ್ರಕಟವಾದ ಮೇಲೆ 60 ವರ್ಷ.

ಇದರ ಪರಿಣಾಮ ನೋಡಿ. ಕಪ್ಪೆ ಅರಭಟ್ಟನ ಶಾಸನವನ್ನು ಜೆ.ಎಫ್. ಫ್ಲೀಟ್ ಇಂಡಿಯನ್ ಆಂಟಿಕ್ವರಿಯ 10ನೇ ಸಂಪುಟದಲ್ಲಿ 1881ರಲ್ಲಿ ಪ್ರಕಟಿಸಿದರು. ಅವರು ತೀರಿಕೊಂಡದ್ದು 1917ರಲ್ಲಿ, ಹಕ್ಕು ಮುಗಿದು ಎಷ್ಟೋ ಕಾಲವಾಗಿದೆ. ಆ ಸಂಪುಟ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ವಿವರವಿರುವ 1884ರ ಬಿಜಾಪುರ ಗೆಜೆಟಿಯರ್ ಕೂಡ ಹಾಗೆಯೇ. ಸ್ವಯಂಸೇವಕ ಸಂಪಾದಕ ಕೈಗೆ ಸಿಕ್ಕಿದ್ದನ್ನೇ ಬಳಸುತ್ತಾನೆ. ಹೀಗಾಗಿ ನೂರನಲವತ್ತು ವರ್ಷದ ಹಿಂದಿನ ಓದು ಊರೆಲ್ಲ ಸುತ್ತುತ್ತದೆ, ನಂತರದವರು ಕಲ್ಲಿನ ಮುಂದೆ ಕೂತು ತಿದ್ದಿದ ಓದು ಗ್ರಂಥಾಲಯದ ಬೀರುವಿನಲ್ಲಿ ಉಳಿಯುತ್ತದೆ.

ಹಳೆಯದನ್ನೇ ನಂಬಿದರೆ ಎಷ್ಟು ಎಡವಟ್ಟು ಆಗಬಹುದು ಎನ್ನುವುದಕ್ಕೆ ಬಾದಾಮಿಯಲ್ಲೇ ಸಾಕ್ಷಿ ಇದೆ. ಒಂದನೇ ಪುಲಕೇಶಿ ವಾತಾಪಿಯ ಬೆಟ್ಟವನ್ನು ಕೋಟೆಯಾಗಿ ಮಾಡಿದ್ದನ್ನು ಹೇಳುವ ಬಂಡೆಗಲ್ಲಿನ ಶಾಸನದಲ್ಲಿ ಶಕ 465, ಅಂದರೆ ಕ್ರಿ.ಶ. 543, ಸ್ಪಷ್ಟವಾಗಿ ಇದೆ. ಆರ್.ಎಸ್. ಪಂಚಮುಖಿಯವರು ಅದನ್ನು ಪ್ರಕಟಿಸಿದ್ದು ಎಪಿಗ್ರಾಫಿಯಾ ಇಂಡಿಕಾದ 27ನೇ ಸಂಪುಟದಲ್ಲಿ, 1947-48ರದು ಅದು. ಫ್ಲೀಟರ ಬರಹಗಳಲ್ಲಾಗಲಿ ಗೆಜೆಟಿಯರಿನಲ್ಲಾಗಲಿ ಈ ಇಸವಿ ಇರಲು ಸಾಧ್ಯವೇ ಇಲ್ಲ. ಮುಕ್ತವಾಗಿ ಸಿಗುವ ಹಳೆಯ ಸಂಪುಟಗಳಿಂದಷ್ಟೇ ಚಾಲುಕ್ಯರ ಆರಂಭವನ್ನು ಬರೆಯುವವನಿಗೆ ಸಿಗುವುದು ಅಂದಾಜು ಮಾತ್ರ. ಪುಣ್ಯಕ್ಕೆ ಆ 27ನೇ ಸಂಪುಟವೂ ಈಗ 60 ವರ್ಷ ದಾಟಿದೆ. ಅದರ ನಂತರದ ಎಷ್ಟೋ ತಿದ್ದುಪಡಿಗಳು ದಾಟಿಲ್ಲ.

ಐಹೊಳೆ ಮೇಗುತಿಯ ರವಿಕೀರ್ತಿ ಶಾಸನವನ್ನೂ ನೆನೆಯಬೇಕು. ಫ್ಲೀಟ್ 1876ರಲ್ಲಿ ಒಮ್ಮೆ, 1879ರಲ್ಲಿ ಮತ್ತೊಮ್ಮೆ ಅದನ್ನು ಪ್ರಕಟಿಸಿದರು. ಕೀಲ್‌ಹಾರ್ನ್ 1900-01ರಲ್ಲಿ ಮತ್ತೆ ಸಂಪಾದಿಸಿದರು. ಕಾಲು ಶತಮಾನದಲ್ಲಿ ಮೂರು ಸಲ! ಮೂರೂ ಇಂದು ಮುಕ್ತ. ಆದ್ದರಿಂದ ಸುಮ್ಮನೆ "ಫ್ಲೀಟ್ ಪ್ರಕಾರ" ಎಂದರೆ ಸಾಲದು, ಯಾವ ವರ್ಷದ ಫ್ಲೀಟ್ ಎಂದು ಬರೆಯಲೇಬೇಕು.

ಮುಚ್ಚಿದ ಪುಸ್ತಕವನ್ನು ಓದಿ ಸ್ವಂತ ಮಾತಿನಲ್ಲಿ ಬರೆಯಬಹುದಲ್ಲ ಎಂದು ಕೇಳಬಹುದು. ಇತಿಹಾಸದ ಸಂಗತಿಯನ್ನು ಬರೆಯಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಶಾಸನಪಾಠವನ್ನು ಸ್ವಂತ ಮಾತಿನಲ್ಲಿ ಬರೆಯಲು ಬರುತ್ತದೆಯೇ? ಅಲ್ಲಿ ಅಕ್ಷರಕ್ಕೆ ಅಕ್ಷರವೇ ಬೇಕು. ಕಲ್ಲಿನ ಮುಂದೆ ನಿಂತು ನಾನೇ ಓದಿ ಹಾಕುತ್ತೇನೆ ಅಂದರೆ ವಿಕಿಪೀಡಿಯದ ಇನ್ನೊಂದು ನಿಯಮ ತಡೆಯುತ್ತದೆ: ಸ್ವಂತ ಸಂಶೋಧನೆಗೆ ಅಲ್ಲಿ ಜಾಗವಿಲ್ಲ, ಬೇರೆಡೆ ಪ್ರಕಟವಾಗಿರಬೇಕು. ಕಿರಿಕಿರಿಯ ನಿಯಮ, ಆದರೆ ಇಲ್ಲದಿದ್ದರೆ ಪ್ರತಿ ಊರಿನ ಕಲ್ಲೂ "ಮೊದಲ ಕನ್ನಡ ಶಾಸನ" ಆಗಿಬಿಡುತ್ತಿತ್ತು.

ಬೀಗ ತೆಗೆದ ಉದಾಹರಣೆ ನಮ್ಮಲ್ಲೇ ಇದೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಸುಮಾರು ಹತ್ತು ವರ್ಷದ ಹಿಂದೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ತಂದಿತು. ಅದರ ಲೇಖನಗಳು ವಿಕಿಸೋರ್ಸ್‌ಗೂ ವಿಕಿಪೀಡಿಯಕ್ಕೂ ಬಂದವು. ಮೊದಲ ಸಂಪುಟ 1969ರದು, ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಐಹೊಳೆ, ಇಳಕಲ್ಲಿನಂಥ ಮೊದಲ ಅಕ್ಷರಗಳ ಊರುಗಳು ಅಲ್ಲಿ ಬಿಜಾಪುರ ಜಿಲ್ಲೆಯಲ್ಲೇ ಇರುವುದು ಸಹಜ. ಆಗ ಹುನಗುಂದ ತಾಲೂಕಿನಲ್ಲಿದ್ದ ಇಳಕಲ್ಲು ಈಗ ತಾನೇ ಒಂದು ತಾಲೂಕು. ಪರವಾನಗಿ ಮುಕ್ತವಾಗಿರುವುದರಿಂದ ಹುನಗುಂದದ ಯಾರಾದರೂ ಸಂಜೆ ಕೂತು ಇದನ್ನು ತಿದ್ದಬಹುದು. ಅಂತರ್ಜಾಲದಲ್ಲಿ ಪಿಡಿಎಫ್ ಬಿಟ್ಟಿಯಾಗಿ ಸಿಕ್ಕ ಮಾತ್ರಕ್ಕೆ ಈ ಅನುಕೂಲ ಸಿಗುವುದಿಲ್ಲ. ಅದನ್ನು ಓದಬಹುದು, ಅಷ್ಟೇ.

ನಮ್ಮ ವಿದ್ವಾಂಸರು ಇಲ್ಲೊಂದು ಕಡೆ ಎಡವುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ "ವಾಣಿಜ್ಯ ಬಳಕೆ ಸಲ್ಲದು", "ಬದಲಾವಣೆ ಮಾಡುವಂತಿಲ್ಲ" ಎಂಬ ಷರತ್ತು ಹಾಕುತ್ತಾರೆ. ಈ ಎರಡರಲ್ಲಿ ಯಾವುದಿದ್ದರೂ ವಿಕಿಪೀಡಿಯಕ್ಕೆ ಆ ಬರಹ ಬರುವಂತಿಲ್ಲ. "ವಿಕಿಪೀಡಿಯದವರು ಬಳಸಿಕೊಳ್ಳಲಿ" ಎಂಬ ಬಾಯಿಮಾತಿನ ಒಪ್ಪಿಗೆಯೂ ನಡೆಯುವುದಿಲ್ಲ, ಯಾಕೆಂದರೆ ಅಲ್ಲಿಂದ ಮುಂದೆ ಒಯ್ಯುವವರಿಗೂ ಅದೇ ಹಕ್ಕು ಇರಬೇಕು. 2023ರಿಂದ ವಿಕಿಪೀಡಿಯದ್ದು ಸಿಸಿ ಬೈ-ಎಸ್‌ಎ 4.0. ಹೆಸರು ಹೇಳಿ, ಬದಲಿಸಿದ್ದನ್ನು ತಿಳಿಸಿ, ಇದೇ ಷರತ್ತಿನಲ್ಲಿ ಮುಂದಕ್ಕೆ ಕೊಡಿ, ಇಷ್ಟೇ ಅದರ ತಿರುಳು. ನಿಮ್ಮ ಲೇಖನದ ಕೊನೆಗೆ ಈ ಪರವಾನಗಿಯ ಹೆಸರಿನ ಒಂದು ಸಾಲು ಸೇರಿಸಿದರೆ ಸಾಕು. ಪ್ರಕಾಶಕರಿಗೆ ಹಕ್ಕು ಬರೆದುಕೊಟ್ಟಿದ್ದರೆ ಮಾತ್ರ ಮೊದಲು ಅವರನ್ನು ಕೇಳಬೇಕು.

ತಟ್ಟುಕೋಟೆಯ ಹುಡುಗನಿಗೆ ಇಷ್ಟೆಲ್ಲ ಹೇಳಲು ಅಂದು ಆಗಲಿಲ್ಲ, ಬಿಸಿಲು ಏರಿತ್ತು. ಹತ್ತೂ ಸಾಲು ಕಾಣುವ ಹಾಗೆ ಓರೆ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಮೊನ್ನೆ ಇದೇ ಪರವಾನಗಿಯಲ್ಲಿ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿದೆ. ಕೊಂಡಿಯನ್ನು ಅವನಿಗೂ ಕಳಿಸಿದ್ದೇನೆ. "ಸರ್, ಮೂರನೇ ಸಾಲಿನ್ಯಾಗ ಒಂದಕ್ಷರ ತಿಳೀವಲ್ತು" ಅಂತ ಉತ್ತರ ಬಂದಿದೆ.